ಕರಿಹುಳಿಯ ಕೊನೆಯ ಮೂರು ಕಡ್ಡಿ

ನಮ್ಮ ಅಡುಗೆಮನೆಯ ಕಿಟಕಿಯ ಮೇಲೆ ಒಂದು ಖಾಲಿ ವೈನ್ ಬಾಟಲಿ ಇದೆ. ನನ್ನ ಹೆಂಡತಿ ಅದಕ್ಕೆ ನೀರು ತುಂಬಿಸಿ ಮನಿಪ್ಲಾಂಟಿನ ಒಂದು ತುಂಡು ಇಳಿಬಿಟ್ಟಿದ್ದಾಳೆ. ಗಿಡ ಬೆಳೆಯಲಿ ಅಂತಲ್ಲ, ಎಲೆಗಳು ಬಾಟಲಿಯ ಚೀಟಿಯನ್ನು ಮುಚ್ಚಲಿ ಅಂತ. ಪಾಂಡವಪುರ ಈಗ ಎಷ್ಟೇ ಬೆಳೆದಿರಲಿ, ಕಾಲೇಜು ಮೇಷ್ಟರ ಮನೆ ಕಿಟಕಿಯಲ್ಲಿ ಏನಿದೆ ಎನ್ನುವ ಸುದ್ದಿ ಹಾಲು ಹಾಕುವವನಿಂದ ಹೊರಟು ಪ್ರಿನ್ಸಿಪಾಲರನ್ನು ಒಂದೇ ದಿನದಲ್ಲಿ ಮುಟ್ಟುವಷ್ಟು ಚಿಕ್ಕ ಊರೇ.

“ನೋಡ್ದೋರು ಏನಂದ್ಕೊಂಡಾರು? ಹಳೆ ಪೇಪರಿನೋನ್ಗೆ ಹಾಕ್ಬುಡಿ ಅತ್ಲಾಗೆ” ಎಂದು ಅವಳು ತಿಂಗಳಿಗೊಮ್ಮೆ ಹೇಳುತ್ತಾಳೆ. ಹೂಂ ಅನ್ನುತ್ತೇನೆ. ಹಾಕುವುದಿಲ್ಲ.

ಕುಡಿತದ ಮೋಹದಿಂದ ಇಟ್ಟುಕೊಂಡಿದ್ದೇನೆ ಅಂದುಕೊಳ್ಳಬೇಡಿ. ಆ ಬಾಟಲಿಯಲ್ಲಿದ್ದುದರಲ್ಲಿ ನನ್ನ ಪಾಲಿಗೆ ಬಂದದ್ದು ಎರಡು ಚಮಚ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರವಾಸಿಗರ ಹಡಗಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಾನೆ. ಕಳೆದ ವರ್ಷ ರಜಕ್ಕೆ ಬಂದವನು ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದು, ಬಾಗಿಲು ಮುಂದಕ್ಕೆ ಮಾಡಿ, ಮೇಜಿನ ಮೇಲಿಟ್ಟ. “ಸಾರ್, ಬೈಬೇಡಿ. ಕ್ಲಾಸಲ್ಲಿ ದ್ರಾಕ್ಷಿ ಬಳ್ಳಿ ಬಂದ್ರೆ ಸಾಕು, ನೀವು ಬೆಲ್ ಹೊಡೆದ್ರೂ ಬಿಡ್ತಿರಲಿಲ್ಲ. ಇದು ಸಿಸಿಲಿ ಅಂತ ಒಂದು ದ್ವೀಪದ್ದು. ಅದುಕ್ಕೇ ತಂದೆ” ಅಂದ. ಬೈಯಬೇಕು ಅಂದುಕೊಂಡವನು ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿದ್ದ ಅಂಗೈಯಗಲದ ಪುಸ್ತಕ ನೋಡಿ ಅದನ್ನೇ ಬಿಡಿಸಿಕೊಂಡು ಕೂತೆ. ಅದರ ತುಂಬ ಆ ದ್ವೀಪದ ದ್ರಾಕ್ಷಿಗಳ ಚಿತ್ರ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ಸಾಲು.

ಏನು ಹೆಸರುಗಳು ಅಂತೀರಿ! ನೀರೊ ದಾವೊಲ ಅನ್ನುವುದು ಕಪ್ಪು, ಮೈಕೈ ತುಂಬಿಕೊಂಡ ದ್ರಾಕ್ಷಿ. ಫ್ರಪ್ಪಾಟೊ ಅನ್ನುವುದು ತೆಳು ಕೆಂಪು, ಸ್ಟ್ರಾಬೆರಿಯ ವಾಸನೆಯದು. ನೆರೆಲ್ಲೊ ಅನ್ನುವುದು ಬೆಂಕಿ ಉಗುಳುವ ಬೆಟ್ಟದ ಬೂದಿಯಲ್ಲಿ ಬೇರು ಬಿಟ್ಟುಕೊಂಡು ಬದುಕುತ್ತದಂತೆ. ಗ್ರಿಲ್ಲೊ ಬಿಳಿಯದು. ಇನ್ನೊಂದರ ಹೆಸರು ಜಿಬಿಬ್ಬೊ. ನಮ್ಮ ಕಡೆ ತುಂಟ ಹೋರಿಗೆ ಇಡಬಹುದಾದ ಹೆಸರು. ಸಿಸಿಲಿಯ ಪಕ್ಕದ ಒಂದು ಪುಟ್ಟ ದ್ವೀಪದಲ್ಲಿ ಗಾಳಿ ಎಷ್ಟು ಜೋರೆಂದರೆ, ಒಂದೊಂದು ಬಳ್ಳಿಗೂ ಒಂದೊಂದು ಗುಂಡಿ ತೋಡಿ, ಮೊಣಕಾಲೆತ್ತರಕ್ಕಿಂತ ಮೇಲೇಳದಂತೆ ಸವರಿ ಸಾಕುತ್ತಾರಂತೆ. ಹಣ್ಣನ್ನು ಬಿಸಿಲಿಗೆ ಹರವಿ ಒಣಗಿಸಿ, ಅದರಿಂದ ಸಿಹಿ ವೈನು ತೆಗೆಯುತ್ತಾರಂತೆ. ಆ ಜಿಬಿಬ್ಬೊ ಕೂಡ ಮೂಲದಲ್ಲಿ ಅಲ್ಲಿಯದಲ್ಲ, ಬಹಳ ಹಿಂದೆ ಅರಬ್ಬರ ಜೊತೆ ಬಂದದ್ದು ಅನ್ನುತ್ತಾರೆ. ಆದರೂ ಅವರದು ಅದು. ಎಷ್ಟು ವರ್ಷ ನೀರು ಕುಡಿದರೆ ಒಂದು ಗಿಡ ಆ ಊರಿನದಾಗುತ್ತದೆ ಎನ್ನುವುದನ್ನು ಯಾವ ಬಾಟನಿ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ.

ಪುಸ್ತಕದ ಕೊನೆಯ ಹಾಳೆಯಲ್ಲಿ ಇನ್ನೊಂದು ಮಾತಿತ್ತು. ಎಲ್ಲರೂ ಮರೆತಿದ್ದ ಕೆಲವು ತಳಿಗಳು ಅಲ್ಲೊಂದು ಇಲ್ಲೊಂದು ಹಳೆಯ ಹಿತ್ತಲಿನಲ್ಲಿ ಉಳಿದುಕೊಂಡಿದ್ದುವಂತೆ. ಅವುಗಳ ಕಡ್ಡಿ ಹುಡುಕಿ ತಂದು ಮತ್ತೆ ನೆಡುತ್ತಿದ್ದಾರಂತೆ. ಅಷ್ಟು ಓದಿ ನಾನು ಕನ್ನಡಕ ತೆಗೆದಿಟ್ಟೆ. ಹುಡುಗ “ಯಾಕ್ ಸಾರ್?” ಅಂದ. ಏನಿಲ್ಲ, ಕಾಫಿ ಕುಡಿ ಅಂದೆ.

ದ್ವೀಪ ಅಂದ ಕೂಡಲೇ ಎಲ್ಲರಿಗೂ ಸಮುದ್ರ ನೆನಪಾಗುತ್ತದೋ ಏನೋ. ನನಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡಿಕೊಳ್ಳುವ ನಡುವಿನ ನೆಲ ಅದು. ಅಲ್ಲಿನ ಗಂಜಾಂ ಅಂಜೂರದ ಹೆಸರು ಬಲ್ಲವರು ಈಗಲೂ ಇದ್ದಾರೆ. ಅದೇ ಗಂಜಾಮಿನ ಯಾವುದೋ ತೋಟದಿಂದ ಒಂದು ದ್ರಾಕ್ಷಿ ಬಳ್ಳಿಯೂ ಹೊರಬಿದ್ದಿತ್ತು. ಅದು ಹೊಳೆ ದಾಟಿ ಕಿರಂಗೂರಿನ ನಮ್ಮ ಸೋದರತ್ತೆಯ ಹಿತ್ತಲಿಗೆ ಬಂದು, ಬಚ್ಚಲ ನೀರು ಕುಡಿದು, ಚಪ್ಪರ ಹತ್ತಿತ್ತು. ಅತ್ತೆಯ ಅತ್ತೆ ಅದನ್ನು ಮದುವೆಯಾಗಿ ಬರುವಾಗ ತಂದಿದ್ದರಂತೆ. ಅದಕ್ಕೂ ಹಿಂದೆ ಅದು ಯಾರದು, ಅರಮನೆಯ ಮಾಲಿಯದೋ ದಂಡಿನ ಸಿಪಾಯಿಯದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಗೋಲಿಗಿಂತ ಚಿಕ್ಕ ಹಣ್ಣು, ಕಾಡಿಗೆ ಬಣ್ಣ, ದಪ್ಪ ಸಿಪ್ಪೆ, ಒಳಗೆ ಮೂರು ಮೂರು ಬೀಜ. ಬಾಯಿಗೆ ಹಾಕಿಕೊಂಡರೆ ಮೊದಲು ಕಿವಿಯ ಬುಡ ಜುಂ ಅನ್ನಬೇಕು, ಸಿಹಿ ಆಮೇಲೆ ಬರಬೇಕು, ಬಂದರೆ. ಅದರ ಹೆಸರು ಕರಿಹುಳಿ. ಯಾವ ಪಟ್ಟಿಯಲ್ಲೂ ಆ ಹೆಸರಿಲ್ಲ. ನಾನು ಹುಡುಕಿದ್ದೇನೆ.

ನಮ್ಮದು ಕೆ.ಆರ್. ಪೇಟೆಯಾಚೆಯ ಹಳ್ಳಿ. ಅಲ್ಲಿ ಏಳನೇ ಕ್ಲಾಸಿಗೆ ಶಾಲೆ ಮುಗಿಯುತ್ತಿತ್ತು. ನಮ್ಮ ವಂಶದಲ್ಲಿ ಅದಕ್ಕೂ ಮುಂಚೆಯೇ ಎಲ್ಲರ ಓದು ಮುಗಿಯುತ್ತಿತ್ತು. ನಿಂಗಮ್ಮತ್ತೆ ಬಂದು, “ಇವ್ನೊಬ್ಬನ್ನ ನಂಗೆ ಕೊಟ್ಬುಡಣ್ಣ, ಓದುಸ್ತೀನಿ” ಎಂದು ನಮ್ಮಪ್ಪನ ಕೈಯಿಂದ ನನ್ನನ್ನು ಹೆಚ್ಚುಕಮ್ಮಿ ಕಿತ್ತುಕೊಂಡು ಹೋದರು. ಹೈಸ್ಕೂಲು, ಪಿಯುಸಿ ಎರಡೂ ಕಿರಂಗೂರಿನ ಆ ಚಪ್ಪರದ ಕೆಳಗೆ ಆದವು. ಲೆಕ್ಕದ ಪುಸ್ತಕದ ಮೇಲೆ ಹಣ್ಣು ಉದುರಿ ಆದ ಕಲೆ ಹಾಗೇ ಇರುತ್ತಿತ್ತು. ಮೇಷ್ಟರು ಅದನ್ನು ಮಸಿ ಅಂದುಕೊಂಡು ಹೊಡೆದರು. ದ್ರಾಕ್ಷಿ ಸಾರ್ ಅಂದೆ. ದ್ರಾಕ್ಷಿ ತಿನ್ನೋ ಮೂತಿ ನೋಡು ಎಂದು ಇನ್ನೊಂದು ಹೊಡೆದರು.

ಈಗ ವೈನಿನ ವಿಷಯಕ್ಕೆ ಬರುತ್ತೇನೆ. ನಮ್ಮತ್ತೆ ವೈನು ಮಾಡುತ್ತಿದ್ದರು ಎಂದು ಬರೆದರೆ ಆಕೆ ಈಗಲೂ ನನ್ನ ಕಿವಿ ಹಿಂಡಿಯಾರು. ಅದರ ಹೆಸರು ಬಾಣಂತಿ ರಸ. ಮನೆಯಲ್ಲಿ ಹೆಣ್ಣುಮಕ್ಕಳು ಬಸುರಾದ ವರ್ಷ ಮಾತ್ರ ಮಾಡುವುದು. ಹಣ್ಣನ್ನು ತೊಳೆಯುವಂತಿಲ್ಲ, ಸಿಪ್ಪೆಯ ಮೇಲಿನ ಬೂದಿ ಹೋದರೆ ರಸ ಏಳುವುದಿಲ್ಲ ಅನ್ನುತ್ತಿದ್ದರು. ಆ ಬೂದಿಯಲ್ಲಿ ಯೀಸ್ಟ್ ಇರುತ್ತದೆ ಎಂದು ನಾನು ಡಿಗ್ರಿಯಲ್ಲಿ ಓದಿದಾಗ, ಏನೋ ನಾನೇ ಕಂಡುಹಿಡಿದವನ ಹಾಗೆ ಊರಿಗೆ ಬಂದು ಹೇಳಿದ್ದೆ. ಹಣ್ಣನ್ನು ಕೈಯಲ್ಲೇ ಕಿವುಚಿ, ಅಚ್ಚುಬೆಲ್ಲ, ಒಣಶುಂಠಿ, ಹಿಪ್ಪಲಿ ಸೇರಿಸಿ, ಉಪ್ಪಿನಕಾಯಿಯ ದೊಡ್ಡ ಜಾಡಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಒಳಕೋಣೆಯ ಮೂಲೆಯಲ್ಲಿ ರಾಗಿಹುಲ್ಲಿನ ನಡುವೆ ಕೂರಿಸುವುದು. ಆಮೇಲೆ ದಿನ ಎಣಿಸುವ ಹಾಗಿಲ್ಲ. ದಿನಾ ಬೆಳಿಗ್ಗೆ ಅತ್ತೆ ಮಂಡಿಯೂರಿ ಜಾಡಿಗೆ ಕಿವಿ ಹಚ್ಚುತ್ತಿದ್ದರು. ಒಳಗೆ ಸುಯ್ ಸುಯ್ ಅನ್ನುವ ಸದ್ದು ಇರುವಷ್ಟು ದಿನ ಮುಟ್ಟುವಂತಿಲ್ಲ. ಸದ್ದು ನಿಂತ ದಿನ ಸೋಸುವುದು.

ನಮ್ಮ ಮಾವ ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದರು. “ಏನಮ್ಮಿ, ಮಾತಾಡ್ತಾ ಅದಾ ನಿನ್ ಜಾಡಿ?”

“ನಿಮ್ಗಿಂತ ವೈನಾಗಿ ಮಾತಾಡ್ತದೆ. ಓಗಿ, ಕಬ್ಬಿಗೆ ನೀರ್ ಕಟ್ಟೋಗಿ.”

“ಒಂದ್ ಗುಟುಕ್ ಕೊಟ್ರೆ ಓಯ್ತೀನಿ.”

“ಎತ್ಕೊಡ್ತೀನಿ, ನೀವೂ ಬಸ್ರಾಗಿ ಒಂದ್ ಎತ್ತು ಬನ್ನಿ.”

ಮಾವ ಟವೆಲ್ಲು ಕೊಡವಿಕೊಂಡು ಗದ್ದೆಗೆ ಹೋಗುತ್ತಿದ್ದರು. ಬಾಣಂತಿಗೆ ಹನ್ನೊಂದನೆಯ ದಿನದಿಂದ ಸಂಜೆಗೆ, ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ, ಒಂದು ಒಳಲೆ ರಸ. ಗಂಡಸರಿಗೆ ಇಲ್ಲವೇ ಇಲ್ಲ. ಮಗು ಎತ್ತಿಕೊಂಡು ಮಗಳು ಗಂಡನ ಮನೆಗೆ ಹೊರಡುವ ದಿನ, ಮಡಿಲಕ್ಕಿಯ ಜೊತೆಗೆ ಕರಿಹುಳಿಯ ಒಂದು ಕಡ್ಡಿಯನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದರು. ಮುಂದೆ ಆಕೆಯ ಮಗಳು ಬಸುರಾದಾಗ ಹಣ್ಣಿಗೆ ಯಾರ ಮನೆಯ ಮುಂದೂ ನಿಲ್ಲಬಾರದಲ್ಲ, ಅದಕ್ಕೆ. ಹೀಗೆ ಹಿರಿಮಗಳು ಜಯಮ್ಮನ ಜೊತೆ ಒಂದು ಬಳ್ಳಿ ಬೂಕನಕೆರೆಗೆ ಹೋಯಿತು. ಕಿರಿಮಗಳು ರತ್ನಳ ಜೊತೆ ಇನ್ನೊಂದು ಬಿಂಡಿಗನವಿಲೆಗೆ ಹೋಯಿತು.

ಇಷ್ಟು ಹೇಳಿದ ಮೇಲೆ ನನ್ನ ಬಗ್ಗೆಯೂ ಹೇಳಲೇಬೇಕು. ಬಿಎಸ್ಸಿ ಪಾಸಾದೆ. ನಮ್ಮ ಕುಲದಲ್ಲಿ, ತಾಯಿ ಕಡೆ ತಂದೆ ಕಡೆ ಎರಡೂ ಸೇರಿಸಿ ನೋಡಿದರೂ, ಕಪ್ಪು ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಂಡ ಮೊದಲನೆಯವನು ನಾನು. ಈ ಮಾತು ಹೇಳಲು ನನಗೆ ಇವತ್ತಿಗೂ ನಾಚಿಕೆಯಿಲ್ಲ. ಹಸಿದು ಓದಿದ್ದೇನೆ, ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದೇನೆ. ಆದರೆ ಆ ಗೌನು ಬಾಡಿಗೆಯದು. ಸಂಜೆಗೆ ವಾಪಸ್ಸು ಕೊಟ್ಟೆ. ತಲೆಯೊಳಗೆ ಹಾಕಿಕೊಂಡದ್ದನ್ನು ಮಾತ್ರ ವಾಪಸ್ಸು ಕೊಡಲಿಲ್ಲ. ನೆಂಟರೂ ಬಿಡಲಿಲ್ಲ. ಎಮ್ಮೆ ಹಾಲು ಕಮ್ಮಿ ಮಾಡಿದರೆ ನನ್ನನ್ನು ಕೇಳುವುದು, ಬೋರಿಗೆ ಎಲ್ಲಿ ಪಾಯಿಂಟು ಅಂತ ನನ್ನನ್ನು ಕೇಳುವುದು, ಕೊನೆಗೆ ಜಯಮ್ಮನ ಗಂಡನ ಮಂಡಿನೋವಿಗೂ ನನ್ನನ್ನೇ ಕೇಳುವುದು. ನನಗೆ ಗೊತ್ತಿಲ್ಲ ಅನ್ನುವ ಒಂದು ವಾಕ್ಯ ಕನ್ನಡದಲ್ಲಿದೆ ಎನ್ನುವುದೇ ಆಗ ನನಗೆ ಮರೆತುಹೋಗಿತ್ತು. ಎಲ್ಲಕ್ಕೂ ಹೇಳುತ್ತಿದ್ದೆ.

ಆ ವರ್ಷ ಕರಿಹುಳಿಯ ಎಲೆಗೆ ಬಿಳಿ ಬೂಷ್ಟು ಬಂದಿತ್ತು. ಗೊಂಚಲು ಅರ್ಧಕ್ಕರ್ಧ ಉದುರಿತ್ತು. ಮನೆಗೆ ಹೆಣ್ಣುಮಕ್ಕಳಿಬ್ಬರೂ ಬಂದಿದ್ದರು. ಊಟವಾದ ಮೇಲೆ ಅತ್ತೆ ಎಲೆಯಡಿಕೆ ಮಡಿಸುತ್ತಾ, “ಏನ್ ಮಾಡನ ಮಗ ಇದ್ಕೆ? ನೀನು ಗಿಡುದ್ ಓದೇ ಓದಿದೋನು” ಅಂದರು.

ನಾನು ಎದ್ದು ಚಪ್ಪರದ ಕೆಳಗೆ ಎರಡು ಸುತ್ತು ಹಾಕಿದೆ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದೆ. ಆಮೇಲೆ ಹೇಳಿದೆ: “ಇದು ಕಳಪೆ ತಳಿ ಅತ್ತೆ. ಸಿಪ್ಪೆ ದಪ್ಪ, ಬೀಜ ಜಾಸ್ತಿ, ರೋಗ ಬೇರೆ. ಇಟ್ಕೊಂಡ್ರೆ ಪ್ರಯೋಜನ ಇಲ್ಲ. ಬುಡಸಮೇತ ತೆಗ್ಸಿ. ಬೀಜ ಇಲ್ಲದ ತಳಿ ತಂದ್ಕೊಡ್ತೀನಿ.”

ಅಷ್ಟಕ್ಕೆ ನಿಲ್ಲಿಸಲಿಲ್ಲ. ಬಾಣಂತಿ ರಸದಲ್ಲಿ ಮದ್ಯ ಇರುತ್ತದೆ, ಎದೆಹಾಲು ಕುಡಿಯುವ ಮಗುವಿಗೆ ಅದು ಒಳ್ಳೆಯದಲ್ಲ ಎಂದೂ ಹೇಳಿದೆ. ಈ ಎರಡನೆಯ ಮಾತನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಸರಿಯಾದದ್ದು ಸರಿಯೇ. ಆದರೆ ಸರಿಯಾದ ಒಂದು ಮಾತಿನ ಬೆನ್ನಿಗೆ ಕಟ್ಟಿ ತಪ್ಪಾದ ಇನ್ನೊಂದನ್ನು ದಾಟಿಸಿಬಿಟ್ಟೆನಲ್ಲ, ಅದು ನನ್ನನ್ನು ತಿನ್ನುತ್ತದೆ. ಬೂಷ್ಟಿಗೆ ಗಂಧಕದ ಪುಡಿ ಹೊಡೆದಿದ್ದರೆ ಸಾಕಿತ್ತು. ಅದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ. ಪುಡಿ ಹೊಡೆಯಿರಿ ಅನ್ನುವುದು ಅಂಗಡಿಯವನೂ ಹೇಳುವ ಮಾತು. ಕಿತ್ತುಹಾಕಿ ಅನ್ನುವುದು ಓದಿದವನ ಮಾತು ಅಂತ ನನಗೆ ಅನ್ನಿಸಿರಬೇಕು.

ಅತ್ತೆ ಒಂದು ಕ್ಷಣ ಚಪ್ಪರ ನೋಡಿದರು. “ಓದಿದ್ ಮಗ ಏಳ್ತಾ ಅವ್ನೆ. ತೆಗ್ಸುಬುಡಿ” ಎಂದರು ಮಾವನಿಗೆ. ಇಬ್ಬರು ಆಳು ಒಂದು ದಿನವೆಲ್ಲ ಅಗೆದರು. ಬೇರು ಬಚ್ಚಲ ಕಲ್ಲಿನ ಕೆಳಗೆ ಹಾದು ದನದ ಕೊಟ್ಟಿಗೆ ತನಕ ಹೋಗಿತ್ತು. ನಾನು ತಂದುಕೊಟ್ಟ ಬೀಜವಿಲ್ಲದ ಸಸಿ ಮೂರು ಮಳೆಗಾಲ ಕಾಣಲಿಲ್ಲ. ಇನ್ನೊಂದು ತಂದೆ, ಅದೂ ಹೋಯಿತು. ಆಮೇಲೆ ನಾನು ತರಲಿಲ್ಲ, ಅವರು ಕೇಳಲಿಲ್ಲ. ಚಪ್ಪರದ ಕಲ್ಲುಕಂಬಗಳಿಗೆ ಬಟ್ಟೆ ಒಣಹಾಕುವ ತಂತಿ ಕಟ್ಟಿದರು.

ಇದೆಲ್ಲ ಹಳೆಯ ಮಾತು. ಮಾವ ಹೋಗಿ ಬಹಳ ವರ್ಷವಾಯಿತು. ಅತ್ತೆಗೆ ಈಗ ಎಂಬತ್ತು ದಾಟಿದೆ, ಕಣ್ಣು ಎರಡೂ ಹೋಗಿವೆ. ಮಗ, ಸೊಸೆ ಮಾದೇವಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬಾಟಲಿ ಬಂದ ಭಾನುವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ಕಿರಂಗೂರಿಗೆ ಹೋದೆ. ಯಾಕೆ ಹೋದೆ ಎಂದು ಸರಿಯಾಗಿ ಹೇಳಲಾರೆ. ಒಂದು ಚಮಚ ಕುಡಿಸಿದೆ. ಆಕೆ ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು.

“ಯಾವೂರ್ದ್ಲಾ ಇದು?”

“ದೂರದ್ದು ಅತ್ತೆ. ಅದೂ ನಮ್ ಪಟ್ಣದಂಗೆ ಒಂದು ದ್ವೀಪ. ಸುತ್ತ ಸಮುದ್ರ.”

“ಬಿಸ್ಲು ಚೆನ್ನಾಗದೆ ಆ ಊರಲ್ಲಿ. ಗೊತ್ತಾಯ್ತದೆ” ಎಂದು ತುಟಿ ಒರೆಸಿಕೊಂಡರು. “ಉಳಿ ಸಾಲ್ದು. ನಮ್ ಕರಿಉಳಿ ಆಗಿದ್ರೆ ಕಿವಿ ಬುಡುಕ್ ಒಡೀತಿತ್ತು.” ಆಮೇಲೆ ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ನನ್ನ ಕಡೆ ಬಗ್ಗಿ, “ಎಲ್ಲಾರ ಒಂದ್ ಕಡ್ಡಿ ಉಳ್ಕೊಂಡದಾ ನೋಡ್ಲಾ ಮಗ. ನಾನ್ ಇರಗಂಟ ಒಂದ್ ಸರ್ತಿ ಅದುನ್ನ ಮುಟ್ಬೇಕು” ಅಂದರು.

ಆಕೆ ತನಗೆ ಬೇಕೆಂದು ನನ್ನನ್ನು ಜೀವಮಾನದಲ್ಲಿ ಕೇಳಿದ್ದು ಅದೊಂದೇ. ನೋಡ್ತೀನಿ ಅತ್ತೆ ಅಂದೆ. ಬಾಟಲಿಯಲ್ಲಿ ಉಳಿದದ್ದನ್ನು ಅತ್ತೆಯ ಮಗ ರುಚಿ ನೋಡುವ ನೆಪದಲ್ಲಿ ಮುಗಿಸಿದ್ದ. ಖಾಲಿ ಬಾಟಲಿ ವಾಪಸ್ಸು ನನ್ನ ಚೀಲಕ್ಕೆ ಬಂತು.

ಮುಂದಿನ ರಜಕ್ಕೆ ಬೂಕನಕೆರೆಗೆ ಹೋದೆ. ಜಯಮ್ಮ ವರಸೆಯಲ್ಲಿ ನನಗೆ ಅತ್ತಿಗೆಯಾಗಬೇಕು, ಬಾಯಿ ಜೋರು. ಅಂಗಳದಲ್ಲಿ ಹುರುಳಿ ಬಡಿಯುತ್ತಿದ್ದವಳು ನನ್ನನ್ನು ನೋಡಿ, “ಬಾರಪ್ಪ ಬಿಎಸ್ಸಿ” ಎಂದಳು. ನಾನು ಎಂಎಸ್ಸಿ ಮಾಡಿ, ಮೇಷ್ಟರಾಗಿ, ತಲೆ ಬೋಳಾದರೂ ಅವಳಿಗೆ ನಾನು ಬಿಎಸ್ಸಿಯೇ. ವಿಷಯ ಹೇಳಿದೆ. ಬಡಿಗೆ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

“ಕೀಳ್ಸಿದೋನೂ ನೀನೆ, ಉಡುಕ್ಕೊಂಡ್ ಬಂದೋನೂ ನೀನೆ? ನೀನ್ ಏಳಿದ್ ಮೂರ್ನೇ ದಿನುಕ್ಕೆ ಇಲ್ಬಂದು ಬುಡುಕ್ಕೆ ಗುದ್ಲಿ ಆಕಿಸ್ದೆ ಕಣಪ್ಪ. ನಮ್ಮೋರು ಬ್ಯಾಡ ಅಂದ್ರು. ಓದಿದ್ ಉಡ್ಗ ಸುಮ್ಕೆ ಏಳ್ತಾನಾ ಅಂತ ಅವರ್ ಮ್ಯಾಲೇ ರೇಗಾಡ್ದೆ.”

“ತಪ್ಪಾಯ್ತು ಅತ್ಗೆ.”

“ನಿನ್ ತಪ್ಪು ತಗೊಂಡು ಸಾರ್ ಮಾಡ್ಕೊಳ್ಳಾ?” ಎಂದು ನಕ್ಕಳು. ಅದರಲ್ಲಿ ಅರ್ಧ ಮಾತ್ರ ನಗು. ಊಟಕ್ಕೆ ಏಳಿಸಿ, ಮುದ್ದೆ ಬಡಿಸುತ್ತಾ, ಏನೋ ನೆನಪಾದವಳಂತೆ ಹೇಳಿದಳು: “ಬಿಂಡಿಗನವಿಲೇಲಿ ಇದ್ರೂ ಇರ್ಬೋದು ಕಣಪ್ಪ. ನಮ್ ರತ್ನನ ಅತ್ತೆ ನಿನ್ ಮಾತ್ಗೆ ಸೊಪ್ಪಾಕ್ಲಿಲ್ಲ. ಅವ್ನ್ಯಾರ್ಲಾ ನಮ್ ಇತ್ಲ ಬಳ್ಳಿ ಕೀಳ್ಸಕ್ಕೆ ಅಂತ ಬೋದ್ಬುಟ್ಳು. ಆ ಮುದ್ಕಿ ಓಗಿ ಆಯ್ತು ನಾಕೊರ್ಸ. ಬಳ್ಳಿ ಅದೋ ಇಲ್ವೋ ಕಾಣೆ.”

ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಇಷ್ಟು ವರ್ಷ ರತ್ನಳನ್ನು ಮದುವೆ ಮುಂಜಿಗಳಲ್ಲಿ ನೋಡಿದ್ದೇನೆ, ಮಾತಾಡಿಸಿದ್ದೇನೆ. ಒಮ್ಮೆಯೂ ಕೇಳಿರಲಿಲ್ಲ. ನನ್ನ ಮಾತು ಕೇಳದವರು ನಮ್ಮ ನೆಂಟರಲ್ಲಿ ಒಬ್ಬರಾದರೂ ಇರಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಗರ್ವ ಅಂದರೆ ಎದೆಯುಬ್ಬಿಸಿ ನಡೆಯುವುದು ಅಂದುಕೊಂಡಿದ್ದೆ. ಹೀಗೂ ಇರುತ್ತದೆ, ಗೊತ್ತಾಗದ ಹಾಗೆ.

ಆವತ್ತೇ ಹೋಗಬೇಕಿತ್ತು. ಕಡೇಪಕ್ಷ ಫೋನಾದರೂ ಮಾಡಬೇಕಿತ್ತು. ಖುದ್ದು ಹೋಗಿ ಕಣ್ಣಾರೆ ನೋಡಿಯೇ ಮಾತಾಡೋಣ ಅಂದುಕೊಂಡೆ. ಅಷ್ಟರಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಬಿತ್ತು. ಮೂರು ವಾರ ಕಳೆಯಿತು. ದೀಪಾವಳಿ ಮುಗಿದ ಮೇಲೆ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಬಿಂಡಿಗನವಿಲೆಯ ಬಸ್ಸು ಹತ್ತಿದೆ.

ರತ್ನಳ ಮನೆಯ ಹಿತ್ತಲಿಗೆ ಕಾಲಿಟ್ಟಾಗ ಕಂಡದ್ದು ಕೆಂಪು ಹಸಿ ಮಣ್ಣು, ಜೆಸಿಬಿಯ ಹಲ್ಲಿನ ಗುರುತು. ಕುರಿಗಳಿಗೆ ಶೀಟಿನ ಶೆಡ್ಡು ಹಾಕಿಸಲು ನೆಲ ಸಮ ಮಾಡಿಸಿದ್ದರು. ಎರಡು ದಿನ ಮುಂಚೆ.

“ಇಲ್ಲೇ ಕಣ್ ಬಾವ ಇತ್ತು, ಈ ಬೇಲಿ ಮ್ಯಾಲೆ” ಎಂದು ರತ್ನ ತೋರಿಸಿದಳು. ಅವಳು ಜಯಮ್ಮನ ಹಾಗಲ್ಲ, ಮೆತ್ತಗಿನವಳು. ನನ್ನ ಮುಖ ನೋಡಿಯೇ ಅವಳ ಕಣ್ಣು ತುಂಬಿತು. “ಕುರಿ ಮೇಯ್ದು ಮೇಯ್ದು ಒಂದಾಳುದ್ದ ಉಳ್ಕೊಂಡಿತ್ತು. ಆದ್ರೂ ವರ್ಸುಕ್ಕೆ ನಾಕ್ ಗೊಂಚ್ಲು ಬುಡ್ತಿತ್ತು. ನಿಮ್ ಮಾತ್ ಮೀರಿದ್ವಿ ಅಂತ ಅವ್ವುನ್ಗೂ ಏಳಿರ್ನಿಲ್ಲ. ಒಂದ್ ಫೋನ್ ಮಾಡಿದ್ರೆ ಆಯ್ತಿತ್ತಲ್ಲ ಬಾವ, ಉಳುಸ್ಕೊಂತಿದ್ವಿ.”

ಕಿತ್ತ ಬಳ್ಳಿ ಬೇಲಿಯಾಚೆ ಸೌದೆಯ ಜೊತೆ ಬಿದ್ದಿತ್ತು. ಎರಡು ದಿನದ ಬಿಸಿಲು ಕುಡಿದು ಎಲೆಯೆಲ್ಲ ಗರಗರ ಅನ್ನುತ್ತಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕೊಂಬೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿದೆ. ಕಂದು, ಕಂದು, ಕಂದು. ಬುಡದ ಹತ್ತಿರ ಮಣ್ಣು ಮುಚ್ಚಿಕೊಂಡಿದ್ದ ಕಡೆ ಮಾತ್ರ ಕೆರೆದರೆ ಹಸಿರು ಕಾಣಿಸಿತು. ಪೆನ್ಸಿಲ್ ಗಾತ್ರದ ಮೂರು ಕಡ್ಡಿ ಸಿಕ್ಕವು. ರತ್ನ ತನ್ನ ಹಳೆಯ ಸೀರೆಯ ತುಂಡನ್ನು ನೆನೆಸಿ ಸುತ್ತಿಕೊಟ್ಟಳು. ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ನಾಗಮಂಗಲದಲ್ಲಿ ಇಳಿದು ಮತ್ತೆ ನೀರು ಚಿಮುಕಿಸಿಕೊಂಡು, ಕಿರಂಗೂರು ಮುಟ್ಟಿದಾಗ ಇನ್ನೂ ಬಿಸಿಲಿತ್ತು.

ಅತ್ತೆ ಮೂರು ಕಡ್ಡಿಯನ್ನೂ ಕೈಯಲ್ಲಿ ಹಿಡಿದು, ಗೆಣ್ಣು ಗೆಣ್ಣನ್ನೂ ಬೆರಳಲ್ಲಿ ಸವರಿದರು. ಮೂಸಿ ನೋಡಿದರು. “ಅದೇ ಕಣ್ಲಾ” ಅಂದರು. ಆ ಮುಖವನ್ನು ನಾನು ಬರೆಯಲಾರೆ. “ಜೀವ ಕಮ್ಮಿ ಅದೆ. ಸುಮ್ಕೆ ಬಚ್ಚಲ್ ನೀರ್ ಓಗೋ ತಾವು ಊರ್ಬುಡು. ಎರ್ಡ್ ಗೆಣ್ಣು ಮಣ್ಣೊಳ್ಗೆ, ಎರ್ಡ್ ಗೆಣ್ಣು ಮ್ಯಾಕೆ. ತಲೆಗೆ ಒಂದ್ ಉಂಡೆ ಸಗಣಿ. ಮುಗೀತು.”

ಇಲ್ಲಿ ನಾನು ಮಾಡಿದ್ದನ್ನು ಹೇಳಲು ಕೈ ಬರುತ್ತಿಲ್ಲ, ಆದರೂ ಹೇಳುತ್ತೇನೆ. ನಾನು ಊರಲಿಲ್ಲ. ಕಡ್ಡಿ ಅರ್ಧ ಒಣಗಿದೆ, ಅದು ತಾನೇ ಬೇರು ಬಿಡುವ ತನಕ ಬದುಕಲಾರದು, ಬೇರಿರುವ ಗಟ್ಟಿ ಸಸಿಯ ಮೇಲೆ ಕಸಿ ಕಟ್ಟಿದರೆ ತಕ್ಷಣ ನೀರು ಸಿಗುತ್ತದೆ ಎಂದು ಯೋಚಿಸಿದೆ. ಪುಸ್ತಕದಲ್ಲಿ ಹಾಗೇ ಇದೆ. ಒಂದನ್ನಾದರೂ ಅತ್ತೆ ಹೇಳಿದಂತೆ ಊರಬಹುದಿತ್ತು. ಮೂರಿದ್ದವಲ್ಲ! ಆದರೆ ಒಳ್ಳೆಯ ದಾರಿ ಗೊತ್ತಿದ್ದೂ ಒಂದು ಕಡ್ಡಿಯನ್ನು ಯಾಕೆ ಹಾಳು ಮಾಡಲಿ ಅನ್ನಿಸಿತು. ಅವನ್ನು ಪಾಂಡವಪುರಕ್ಕೆ ತಂದು, ಮಾರನೆಯ ದಿನ ನರ್ಸರಿಯಿಂದ ಕಸಿಗೆಂದೇ ಬೆಳೆಸಿದ ಕಾಡುದ್ರಾಕ್ಷಿಯ ಮೂರು ಸಸಿ ತಂದೆ. ಬ್ಲೇಡು ಕಾಯಿಸಿ, ಸೀಳಿ, ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ನೂರು ಸಲ ಹೇಳಿಕೊಟ್ಟದ್ದು. ಕೈಯಾರೆ ಮಾಡಿದ್ದು ಎಷ್ಟು ಸಲ ಎಂದು ಕೇಳಬೇಡಿ. ಮೂರನ್ನೂ ಕಿರಂಗೂರಿಗೆ ಒಯ್ದು ಅತ್ತೆಯ ಹಿತ್ತಲಲ್ಲಿ ನೆಟ್ಟೆ.

ಅತ್ತೆ ಪಟ್ಟಿ ಸುತ್ತಿದ ಗಂಟನ್ನು ಮುಟ್ಟಿ ನೋಡಿ, “ಇದೇನ್ಲಾ ಮಗ, ಮುರ್ದ್ ಕಾಲ್ಗೆ ಕಟ್ದಂಗೆ ಕಟ್ಟಿದ್ದೀಯ” ಅಂದರು.

“ಇಂಗೇ ಕಟ್ಟದು ಅತ್ತೆ. ಇದು ಬೇಗ ಬತ್ತದೆ.”

“ಸರಿ ಬುಡು. ನೀನು ಓದಿದೋನು.”

ಎರಡು ಸಸಿ ಹದಿನೈದು ದಿನದಲ್ಲಿ ಒಣಗಿದವು. ಮೂರನೆಯದು ಉಳಿಯಿತು. ತಿಂಗಳಾಗುವ ಹೊತ್ತಿಗೆ ಮಾದೇವಿ ಫೋನು ಮಾಡಿ, “ಮೇಷ್ಟ್ರೇ, ಚಿಗುರ್ಬುಡ್ತು! ಅತ್ತೆ ಬೆಳ್ಗೆಯಿಂದ ಅದರ ತಾವ್ಲೇ ಕೂತವ್ರೆ, ಕಾಫಿನೂ ಅಲ್ಲೇ” ಎಂದಳು. ಸ್ಕೂಟರು ಹತ್ತಿದೆ.

ದೂರದಿಂದಲೇ ಹಸಿರು ಕಾಣಿಸಿತು. ಹತ್ತಿರ ಹೋಗಿ ಬಗ್ಗಿದೆ. ಚಿಗುರು ಬಂದದ್ದು ಗಂಟಿನ ಕೆಳಗಿನಿಂದ. ಮೇಲೆ ಕಟ್ಟಿದ್ದ ಕರಿಹುಳಿಯ ಕಡ್ಡಿ ಕಪ್ಪಗಾಗಿ, ಬೆರಳು ತಾಗಿದರೆ ಮುರಿಯುವ ಹಾಗಿತ್ತು. ಬದುಕಿದ್ದು ನರ್ಸರಿಯ ಕಾಡುದ್ರಾಕ್ಷಿ. ಅದು ಹಬ್ಬುತ್ತದೆ, ಚಪ್ಪರ ತುಂಬುತ್ತದೆ, ಆದರೆ ತಿನ್ನುವ ಹಣ್ಣು ಕೊಡುವ ಜಾತಿಯಲ್ಲ. ಪಕ್ಕದಲ್ಲೇ ಮಣೆ ಹಾಕಿಕೊಂಡು ಅತ್ತೆ ಕೂತಿದ್ದರು. ಮಾದೇವಿ ಹಿಂದೆ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ಈ ಸರ್ತಿ ಅಣ್ಣು ಬುಡ್ತದಾ, ಮುಂದುಲ್ ವರ್ಸವಾ?” ಎಂದು ಕೇಳಿದಳು.

ಅಷ್ಟರಲ್ಲೇ ಅವಳು ಹಾಲು ಉಕ್ಕೀತೆಂದು ಒಳಗೆ ಹೋದಳು.

“ಅತ್ತೆ”, ಅಂದೆ. “ಇದು ನಮ್ದಲ್ಲ ಅತ್ತೆ.”

ಅತ್ತೆ ಒಂದು ಎಳೆಯ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಅದರ ಹಿಂಬದಿಯನ್ನು ಸವರುತ್ತಿದ್ದರು. ಕರಿಹುಳಿಯ ಎಲೆಯ ಬೆನ್ನಿಗೆ ಕುರಿಮರಿಯ ಕಿವಿಯ ಹಾಗೆ ಸಣ್ಣ ತುಪ್ಪಳ ಇರುತ್ತದೆ. ಇದರ ಎಲೆ ಎರಡು ಕಡೆಯೂ ನುಣುಪು. ಅದನ್ನು ತಿಳಿಯಲು ಆಕೆಗೆ ಕಣ್ಣು ಬೇಕಿರಲಿಲ್ಲ. ಬೆಳಿಗ್ಗೆಯಿಂದ ಕೂತಿದ್ದಾರೆ. ಬೆಳಿಗ್ಗೆಯೇ ತಿಳಿದಿರಬೇಕು.

“ಮೆತ್ಗೆ ಮಾತಾಡು” ಎಂದರು. “ಮಾದೇವಿಗೆ ಗೊತ್ತಾದ್ರೆ ಕಿತ್ತಾಕ್ಬುಡ್ತಾಳೆ.”

“ಕೀಳ್ಲಿ ಬುಡಿ ಅತ್ತೆ. ಇದ್ರಿಂದ ಏನೂ ಆಗಲ್ಲ. ಎಲೆ ಬುಟ್ರೆ ಏನಿಲ್ಲ.”

“ನೀನ್ ಊರಿದ್ದು ಕಣ್ಲಾ ಅದು. ಇರ್ಲಿ.” ಎಲೆಯನ್ನು ಬಿಟ್ಟು, ಕೈಯನ್ನು ಗಾಳಿಯಲ್ಲಿ ಆಡಿಸಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು. “ನೀರ್ ಆಕ್ದಾ?”

ಇಲ್ಲ ಅಂದೆ.

“ಮತ್ತೆ ಯಾಕ್ ನಿಂತಿದ್ದೀಯ? ಬಿಸ್ಲು ಏರ್ತಾ ಅದೆ.”

ಬಚ್ಚಲಿಗೆ ಹೋಗಿ ಒಂದು ಬಕೆಟ್ಟು ನೀರು ಹಿಡಿದು ತಂದೆ. ಬುಡಕ್ಕೆ ಸುರಿದೆ. ಮಣ್ಣು ಕುಡಿದ ಸದ್ದು ಕೇಳಿಸಿಕೊಂಡು ಅತ್ತೆ, ಇನ್ನೊಂದು ಬಕೆಟ್ಟು ಅಂದರು. ತಂದೆ.